ಮುಖ ನೋಡಿ ಲೆಕ್ಕ ಹಾಕಬೇಡಿ

ಸಿನಿಮಾ ಮುಗಿದ ಮೇಲೆ ನಮಗೆ ಹೀರೋ ಹೆಸರು ನೆನಪಿರುತ್ತದೆ. ಟೀ ತಂದುಕೊಟ್ಟವನು, ಬಾಗಿಲು ತೆರೆದವನು ಯಾರೆಂದು ಕೇಳುವುದಿಲ್ಲ. ಅಂಥ ಚಿಕ್ಕ ಪಾತ್ರಗಳಲ್ಲೂ ದುಡಿದ ಫ್ರಾನ್ಸಿನ ಒಬ್ಬ ನಟರು ಮಾರ್ಸೆಲ್ ದಾಲಿಯೊ. ಪ್ಯಾರಿಸ್‌ನಲ್ಲಿ ಹುಟ್ಟಿದವರು. ರೊಮೇನಿಯಾದಿಂದ ವಲಸೆ ಬಂದ ಯಹೂದಿ ಮನೆತನ.

1937ರ 'ಗ್ರಾಂಡ್ ಇಲ್ಯೂಷನ್' ಚಿತ್ರದಲ್ಲಿ ಅವರು ಯುದ್ಧ ಕೈದಿ. ಮನೆಯಿಂದ ಬಂದ ತಿಂಡಿಯನ್ನು ಜೊತೆಯ ಕೈದಿಗಳಿಗೆಲ್ಲ ಹಂಚುವ ಶ್ರೀಮಂತ ಯಹೂದಿಯ ಪಾತ್ರ. 1940ರಲ್ಲಿ ಜರ್ಮನ್ ಸೇನೆ ಪ್ಯಾರಿಸ್‌ಗೆ ಬಂದಾಗ ಪತ್ನಿಯೊಂದಿಗೆ ಊರು ಬಿಟ್ಟರು. ಲಿಸ್ಬನ್‌ನಿಂದ ಹಡಗು ಹತ್ತಿದರೆ, ಕೈಯಲ್ಲಿದ್ದ ಚಿಲಿ ದೇಶದ ವೀಸಾ ನಕಲಿ! ಮೆಕ್ಸಿಕೋದಲ್ಲಿ ಸಿಕ್ಕಿಬಿದ್ದು, ಕಡೆಗೆ ಅಮೆರಿಕ ತಲುಪಿದರು. ಇತ್ತ ನಾಜಿಗಳು ಅವರ ಫೋಟೋವನ್ನು ಪೋಸ್ಟರ್ ಮಾಡಿ, ಯಹೂದಿ ಹೀಗಿರುತ್ತಾನೆ ಎಂದು ಜನರಿಗೆ ತೋರಿಸಿದರು. ಅವರ ತಂದೆ ತಾಯಿ ನಾಜಿ ಶಿಬಿರಗಳಲ್ಲಿ ಸತ್ತರು.

ಹಾಲಿವುಡ್‌ನ 'ಕಾಸಾಬ್ಲಾಂಕಾ' (1942) ವೀಸಾಕ್ಕಾಗಿ ಕಾಯುವ ನಿರಾಶ್ರಿತರ ಕಥೆ. ಅದರಲ್ಲಿ ದಾಲಿಯೊ ಜೂಜಿನ ಮೇಜು ನಡೆಸುವವರು. ಟೈಟಲ್‌ನಲ್ಲಿ ಅವರ ಹೆಸರೇ ಇಲ್ಲ. ಇಲ್ಲಿ ಜೂಜು ನಡೆಯುತ್ತಿದೆಯೇ ಎಂದು ಪೊಲೀಸ್ ಅಧಿಕಾರಿ ಗಾಬರಿ ನಟಿಸುವಾಗ, ಅದೇ ಜೂಜಿನಲ್ಲಿ ಅವನು ಗೆದ್ದ ಹಣವನ್ನು ವಿನಯದಿಂದ ತಂದು ಕೊಡುತ್ತಾರೆ. ಕೆಲವೇ ಕ್ಷಣ, ಅಧಿಕಾರಿಯ ಬಣ್ಣ ಬಯಲು.

ಯುದ್ಧ ಮುಗಿದ ಮೇಲೆ ಫ್ರಾನ್ಸಿಗೆ ಮರಳಿದರು. 1973ರಲ್ಲಿ 'ರಬ್ಬಿ ಜೇಕಬ್' ಎಂಬ ಹಾಸ್ಯಚಿತ್ರದಲ್ಲಿ ಯಹೂದಿ ಧರ್ಮಗುರುವಾದರು. ಪೋಸ್ಟರ್‌ನಲ್ಲಿ ದ್ವೇಷ ಹುಟ್ಟಿಸಲು ಬಳಸಿದ ಅದೇ ಮುಖ ಈಗ ಇಡೀ ದೇಶವನ್ನು ನಗಿಸಿತು. 1983ರಲ್ಲಿ ತೀರಿಕೊಂಡರು.

ಖಾತೆ ನೋಡದೆ ಬ್ಯಾಲೆನ್ಸ್ ಬರೆಯಬಾರದು ಎಂದು ಅಕೌಂಟೆನ್ಸಿಯಲ್ಲಿ ಕಲಿಯುತ್ತೇವೆ. ಮನುಷ್ಯರ ವಿಷಯದಲ್ಲಿ ಮಾತ್ರ ಮುಖ, ಹೆಸರು, ಬಟ್ಟೆ ನೋಡಿದ ತಕ್ಷಣ ಬರೆದುಬಿಡುತ್ತೇವೆ. ನನ್ನ ಮನೆಮಾತು ಉರ್ದು. ಬಸ್ಸಿನಲ್ಲಿ ಅರ್ಧ ಗಂಟೆ ನನ್ನ ಜೊತೆ ಕನ್ನಡದಲ್ಲೇ ಹರಟಿದವರು, ಹೆಸರು ಕೇಳಿದ ಮೇಲೆ "ನಿಮಗೆ ಕನ್ನಡ ಬರುತ್ತಾ?" ಅನ್ನುತ್ತಾರೆ. ದಾಲಿಯೊ ಪಟ್ಟ ಕಷ್ಟದ ಮುಂದೆ ಇದು ಏನೂ ಅಲ್ಲ, ನಗು ಬರುತ್ತದೆ ಅಷ್ಟೇ. ಆದರೆ ಅಭ್ಯಾಸ ಒಂದೇ. ನಾವೂ ಕಡಿಮೆಯಿಲ್ಲ. ಹಳ್ಳಿಯಿಂದ ಬಂದವರನ್ನು, ಆರ್ಟ್ಸ್ ತೆಗೆದುಕೊಂಡವರನ್ನು ಕ್ಲಾಸ್ ಶುರುವಾದ ಮೊದಲ ವಾರವೇ ಅಳೆದು ಮುಗಿಸಿರುತ್ತೇವೆ.

ಸ್ನೇಹಿತರೇ, ಒಬ್ಬರ ಬಗ್ಗೆ ತೀರ್ಮಾನ ಮಾಡುವ ಮುಂಚೆ ಅವರ ಪಕ್ಕ ಕೂತು ನಾಲ್ಕು ಮಾತಾಡೋಣ. ಮುಂದೆ ಎಂದಾದರೂ 'ಕಾಸಾಬ್ಲಾಂಕಾ' ನೋಡಿದರೆ, ಜೂಜಿನ ಮೇಜಿನ ಹಿಂದೆ ನಿಂತವರನ್ನೂ ಒಮ್ಮೆ ಗಮನಿಸಿ.