ಠಾಣೆಯ ಲಾಠಿಗೆ ಕೋರ್ಟು ರುಜು ಹಾಕಬಾರದು



"ಕಳ್ಳನಿಗೆ ಎಂಥಾ ಹಕ್ಕು ಮಾರಾಯ್ರೆ? ನಾಲ್ಕು ಬಿಟ್ರೆ ನಿಜ ಬಾಯಿಬಿಡ್ತಾನೆ." ಹಂಪನಕಟ್ಟೆಯಲ್ಲಿ ಚಾ ಕುಡಿಯುತ್ತಾ ಹೀಗೆ ಮಾತಾಡೋರಿಗೆ ಬರ ಇಲ್ಲ. ಪೊಲೀಸರು ನಡುರಾತ್ರಿ ಬಡಿಯೋದು ಇವರ ಬಾಗಿಲನ್ನಲ್ಲ. ಬಡಿಯೋದು ಕಾಲೊನಿಯ ಬಾಗಿಲು, ಕಾಡಂಚಿನ ಗುಡಿಸಲ ಬಾಗಿಲು. ಅದಕ್ಕೇ ನಾವು ಹೇಳುತ್ತೇವೆ: ಆರೋಪಿಯ ಹಕ್ಕು ಅಂದ್ರೆ ನಮ್ಮ ಹಕ್ಕು.

ವಿಠಲ ಮಲೆಕುಡಿಯ ಅವರ ಕೇಸು ನೆನಪುಂಟಲ್ಲ? ಬೆಳ್ತಂಗಡಿ ತಾಲೂಕು ಕುತ್ಲೂರಿನ ಆದಿವಾಸಿ ಯುವಕ, ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದರು. 2012ರ ಮಾರ್ಚಿನಲ್ಲಿ ಅವರನ್ನೂ ತಂದೆಯನ್ನೂ ಹಿಡಿದರು. ನಕ್ಸಲರ ನಂಟು ಎಂಬ ಆರೋಪ, ಯು.ಎ.ಪಿ.ಎ. ಕಾಯ್ದೆ. ಸಾಕ್ಷ್ಯ ಯಾವುದು? ಭಗತ್ ಸಿಂಗ್ ಬಗ್ಗೆ ಒಂದು ಪುಸ್ತಕ, ಪತ್ರಿಕೆಯ ತುಣುಕುಗಳು, ಊರಿಗೆ ಸೌಕರ್ಯ ಕೊಡದಿದ್ದರೆ ಚುನಾವಣೆ ಬಹಿಷ್ಕಾರ ಅನ್ನುವ ಕಾಗದ! ಕೈಕೋಳದಲ್ಲೇ ಪರೀಕ್ಷೆಗೆ ಕರೆತಂದರು. 2021ರ ಅಕ್ಟೋಬರ್ 21ರಂದು ಮಂಗಳೂರಿನ ಸೆಷನ್ಸ್ ಕೋರ್ಟು ಇಬ್ಬರನ್ನೂ ಬಿಡುಗಡೆ ಮಾಡಿತು. ಪುಸ್ತಕ, ಪತ್ರಿಕೆ ಇಟ್ಟುಕೊಳ್ಳೋದು ಅಪರಾಧ ಅಲ್ಲ ಎಂದಿತು. ಇಷ್ಟು ಹೇಳಲಿಕ್ಕೆ ಒಂಬತ್ತೂವರೆ ವರ್ಷ! ಆ ವರ್ಷಗಳನ್ನು ಯಾರು ವಾಪಸು ಕೊಡ್ತಾರೆ?

ಬಾಬಾಸಾಹೇಬರು ಇದನ್ನು ಮೊದಲೇ ಕಂಡಿದ್ದರು. 1949ರ ಸೆಪ್ಟೆಂಬರ್ 15ರಂದು ಸಂವಿಧಾನ ಸಭೆಯಲ್ಲಿ 15ಎ ಎಂಬ ಹೊಸ ವಿಧಿಯನ್ನು ಮಂಡಿಸಿದವರು ಅವರೇ. ಅದೇ ಇವತ್ತಿನ 22ನೇ ವಿಧಿ. ಹಿಡಿದವರು ಕಾರಣ ಹೇಳಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ನಿನ್ನ ವಿರುದ್ಧ ನೀನೇ ಸಾಕ್ಷಿ ಹೇಳು ಅಂತ ಯಾರೂ ಬಲವಂತ ಮಾಡುವ ಹಾಗಿಲ್ಲ ಅನ್ನುತ್ತದೆ 20(3)ನೇ ವಿಧಿ. ಇದೇ ವಿಧಿಯ ಬಲದ ಮೇಲೆ 2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ ಮಾಡಕೂಡದು ಎಂದಿತು.

ಹಾಗಾದ್ರೆ ತೊಂದರೆ ಎಲ್ಲಿ? ಕಂಡಿ ಬಿಟ್ಟಿದ್ದಾರೆ, ಅಲ್ಲಿ.

ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯೋದಿಲ್ಲ. ಬ್ರಿಟಿಷರ 1872ರ ಸಾಕ್ಷ್ಯ ಕಾಯ್ದೆಯೂ ಪೊಲೀಸರನ್ನು ಅಷ್ಟರ ಮಟ್ಟಿಗೆ ನಂಬಿರಲಿಲ್ಲ. ಆದರೆ ಅದರ 27ನೇ ಕಲಮು, ಆ ಮಾತಿನಿಂದ ಒಂದು ವಸ್ತು ಪತ್ತೆಯಾದರೆ ಅಷ್ಟು ಮಾತು ನಡೆಯುತ್ತದೆ ಎಂದಿತು. ಹೊಡಿ, ಕತ್ತಿ ಎಲ್ಲಿದೆ ಅಂತ ಹೇಳಿಸು, ಮಹಜರು ಬರೆ! ಹೊಡೆದದ್ದನ್ನು ರುಜುವಾತು ಮಾಡುವ ಹೊರೆ ಹೊಡೆಸಿಕೊಂಡವನದು. 2024ರ ಜುಲೈ 1ರಿಂದ ಬಂದ ಹೊಸ ಸಾಕ್ಷ್ಯ ಕಾಯ್ದೆಯ 23ನೇ ಕಲಮಿನಲ್ಲೂ ಆ ಕಂಡಿ ಹಾಗೇ ಉಂಟು.

ಎರಡನೇ ಕಂಡಿ ಇನ್ನೂ ದೊಡ್ಡದು. 1973ರ ಪೂರನ್ ಮಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಹುಡುಕಾಟ ಕಾನೂನುಬಾಹಿರ ಆಗಿದ್ದರೂ ಸಿಕ್ಕ ಸಾಕ್ಷ್ಯ ಅಷ್ಟಕ್ಕೇ ಬಿದ್ದುಹೋಗೋದಿಲ್ಲ ಎಂದಿತು. ಅಂದ್ರೆ ಹೇಗೆ ತಂದೆ ಅಂತ ಕೇಳೋದಿಲ್ಲ, ಏನು ತಂದೆ ಅಂತ ಮಾತ್ರ ಕೇಳ್ತಾರೆ. ಹುಡುಕಾಟದ ವೀಡಿಯೊ ಮಾಡಬೇಕು ಅಂತ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು ಹೇಳುತ್ತದೆ. ಮಾಡದಿದ್ದರೆ ಸಾಕ್ಷ್ಯ ಬಿದ್ದುಹೋಗುತ್ತದೆ ಅಂತ ಆ ಕಲಮಿನಲ್ಲಿ ಬರೆದಿಲ್ಲ.

ಅಮೆರಿಕದಲ್ಲಿ ಏನಾಯಿತು ನೋಡಿ. 1957ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಡಾಲ್ರೀ ಮ್ಯಾಪ್ ಎಂಬ ಕಪ್ಪು ಹೆಣ್ಣುಮಗಳ ಮನೆಗೆ ಪೊಲೀಸರು ನುಗ್ಗಿದರು. ವಾರಂಟ್ ತೋರಿಸಿ ಅಂತ ಆಕೆ ಪಟ್ಟುಹಿಡಿದರು. ಹುಡುಕಿದ್ದು ಬಾಂಬ್ ಕೇಸಿನ ಮನುಷ್ಯನನ್ನು, ಕೇಸು ಹಾಕಿದ್ದು ಸಿಕ್ಕ ಪುಸ್ತಕ, ಚಿತ್ರಗಳ ಮೇಲೆ. 1961ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ಸಾಕ್ಷ್ಯವನ್ನೇ ಎತ್ತಿ ಹೊರಗೆ ಹಾಕಿತು. ಅಕ್ರಮವಾಗಿ ತಂದ ಮಾಲು ಯಾವ ರಾಜ್ಯದ ಕೋರ್ಟಿನಲ್ಲೂ ನಡೆಯಕೂಡದು ಎಂದಿತು.

ನಮ್ಮವರೇ ಕೆಲವರು ಕೇಳ್ತಾರೆ: "ನಮ್ಮ ಮೇಲೆ ದೌರ್ಜನ್ಯ ಮಾಡಿದವನೂ ಇದೇ ಹಕ್ಕು ಹಿಡಿದು ಪಾರಾಗೋದಿಲ್ವಾ?" ನ್ಯಾಯವಾದ ಪ್ರಶ್ನೆ. ಕಂಬಾಲಪಲ್ಲಿ ನೋಡಿ. ಆಗಿನ ಕೋಲಾರ ಜಿಲ್ಲೆಯ ಆ ಊರಿನಲ್ಲಿ 2000ದ ಮಾರ್ಚ್ 11ರಂದು 7 ಮಂದಿ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಆರೋಪಿಗೆ ಹಕ್ಕು ಜಾಸ್ತಿ ಆಯ್ತು ಅಂತ ಅಲ್ಲ, ಸಾಕ್ಷಿಗಳು ತಿರುಗಿಬಿದ್ದರು ಅಂತ. ಭೂಮಾಲೀಕನಿಗೆ ಹಕ್ಕು ಕೊಡಿಸಲಿಕ್ಕೆ ವಕೀಲರ ಸಾಲೇ ನಿಂತಿರುತ್ತದೆ. ಕೂಲಿಯವನಿಗೆ ಇರೋದು ಸಂವಿಧಾನ ಒಂದೇ. ನಮಗೆ ಬೇಕಾದ್ದು ಸಾಕ್ಷಿಗಳಿಗೆ ರಕ್ಷಣೆ, ನೆಟ್ಟಗಿನ ತನಿಖೆ. ಲಾಠಿ ಅಲ್ಲ.

ನಮ್ಮ ಬೇಡಿಕೆ:

1. ಹೊಡೆದು, ಹೆದರಿಸಿ ಪಡೆದ ಮಾತಿನಿಂದ ಸಿಕ್ಕ ವಸ್ತುವನ್ನೂ ಕೋರ್ಟು ತೆಗೆದುಕೊಳ್ಳಬಾರದು.
2. ಕಾನೂನು ಮೀರಿದ ಹುಡುಕಾಟ, ವೀಡಿಯೊ ಇಲ್ಲದ ಜಪ್ತಿ ಸಾಕ್ಷ್ಯವೇ ಅಲ್ಲ ಅಂತ ಕಾಯ್ದೆ ಬರಬೇಕು.
3. ಠಾಣೆಗಳಲ್ಲಿ ಸಿ.ಸಿ. ಕ್ಯಾಮೆರಾ ಇರಬೇಕು ಎಂದು ಸುಪ್ರೀಂ ಕೋರ್ಟು 2020ರಲ್ಲಿ ಆಜ್ಞೆ ಮಾಡಿದೆ. ಮಂಗಳೂರಿನ ಒಂದೊಂದು ಠಾಣೆಯಲ್ಲೂ ಅದು ನಡೆಯುವ ಹಾಗೆ ನೋಡಿಕೊಳ್ಳಬೇಕು.

ಅಲ್ಲಿವರೆಗೆ ಕಾಲೊನಿ ಕಾಲೊನಿಯಲ್ಲಿ ಇಷ್ಟು ಹೇಳಿಕೊಡಿ. ಖಾಲಿ ಕಾಗದಕ್ಕೆ ರುಜು ಹಾಕಬೇಡಿ. ತನಿಖೆಯಲ್ಲಿ ಪೊಲೀಸರು ಬರೆದುಕೊಂಡ ಹೇಳಿಕೆಗೆ ನಿಮ್ಮ ರುಜು ಬೇಕಿಲ್ಲ, ಅದು ಕಾನೂನು. ಯಾಕೆ ಹಿಡಿದಿರಿ ಅಂತ ಕೇಳಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತವಾಗಿ ಕೇಳಿ. ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ ಮೈಮೇಲಿನ ಗಾಯ ತೋರಿಸಿ, ಬರೆದುಕೊಳ್ಳಿ ಸ್ವಾಮೀ ಅನ್ನಿ. ಒಬ್ಬನನ್ನು ಹಿಡಿದರೆ ಹತ್ತು ಜನ ಠಾಣೆ ಮುಂದೆ ಹೋಗಿ ನಿಲ್ಲಿ.

ಜೈಭೀಮ್!