ತಟ್ಟೆಯಂಚಿನ ಕರಿಬೇವು

ದೊಡ್ಡಮ್ಮನ ಎದೆಯೊಳಗೆ ಲೋಹದ ಕವಾಟ ಕೂತು ಒಂಬತ್ತು ವರ್ಷವಾಯಿತು. ರಾತ್ರಿ ಮನೆ ಸದ್ದಡಗಿದ ಮೇಲೆ ಪಕ್ಕದಲ್ಲಿ ಮಲಗಿದವರಿಗೂ ಅದರ ಟಿಕ್ ಟಿಕ್ ಕೇಳುತ್ತದೆ. ಆಸ್ಪತ್ರೆಯಿಂದ ಬಂದಾಗ ಯಾರೋ ‘ಸೊಪ್ಪು ಮುಟ್ಟಬೇಡಿ’ ಅಂದರಂತೆ. ಅವತ್ತಿನಿಂದ ಮಸ್ಸೊಪ್ಪಿಲ್ಲ, ಬಸ್ಸಾರಿಲ್ಲ. ಸಾರಿನಲ್ಲಿ ತೇಲುವ ಕರಿಬೇವನ್ನೂ ಆಯ್ದು ತಟ್ಟೆಯಂಚಿಗೆ ಸರಿಸುತ್ತಿದ್ದರು. ಕರಿಬೇವನ್ನು ಎತ್ತಿಡುವುದರಲ್ಲಿ ನಾವ್ಯಾರೂ ಕಮ್ಮಿಯಿಲ್ಲ. ಹೆದರಿ ಎತ್ತಿಡುವವರನ್ನು ನಾನು ಕಂಡಿದ್ದು ಅವರೊಬ್ಬರನ್ನೇ.

ಹೆದರಿಕೆಯಲ್ಲಿ ಅರ್ಧ ನಿಜವಿದೆ. ರಕ್ತ ಹೆಪ್ಪುಗಟ್ಟಿಸುವ ಕೆಲವು ಪ್ರೋಟೀನುಗಳನ್ನು ತಯಾರಿಸಲು ಯಕೃತ್ತಿಗೆ ಕೆ ವಿಟಮಿನ್ ಬೇಕು. ಹಸಿರೆಲೆಯಲ್ಲಿ ಅದು ಧಾರಾಳ; 100 ಗ್ರಾಂ ಕೊತ್ತಂಬರಿ ಸೊಪ್ಪಿನಲ್ಲೇ ಸುಮಾರು 300 ಮೈಕ್ರೋಗ್ರಾಂ. ಕವಾಟದಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ದೊಡ್ಡಮ್ಮ ನುಂಗುವ ವಾರ್ಫರಿನ್ ಮಾತ್ರೆ ಇದೇ ವಿಟಮಿನ್ನಿಗೆ ಅಡ್ಡಗಾಲು ಹಾಕುತ್ತದೆ. ತಮಾಷೆಯೆಂದರೆ ಆ ಮಾತ್ರೆಯ ಮೂಲವೂ ಮೇವಿನ ಸೊಪ್ಪೇ. 1933ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ರೈತನೊಬ್ಬ ಹೆಪ್ಪುಗಟ್ಟದ ರಕ್ತವನ್ನು ಹಾಲಿನ ಕ್ಯಾನಿನಲ್ಲಿ ತುಂಬಿಕೊಂಡು ಕಾರ್ಲ್ ಲಿಂಕ್ ಎಂಬ ವಿಜ್ಞಾನಿಯ ಪ್ರಯೋಗಾಲಯಕ್ಕೆ ಬಂದ. ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದ ಅವನ ದನಗಳು ಒಳಗೊಳಗೇ ರಕ್ತ ಸೋರಿ ಸತ್ತಿದ್ದವು. ಆ ಜಾಡು ಹಿಡಿದು ಹೊರಟವರಿಗೆ ವಾರ್ಫರಿನ್ ಸಿಕ್ಕಿತು. ಮೊದಲು ಇಲಿಪಾಷಾಣವಾಗಿ ಮಾರಾಟವಾಗಿ, 1954ರಲ್ಲಿ ಮನುಷ್ಯರ ಮಾತ್ರೆಯಾಯಿತು.

ಹಾಗಾದರೆ ಸೊಪ್ಪು ಬಿಡಬೇಕೆ? ನನ್ನ ಮಟ್ಟಿಗೆ ಅದು ಸೋಮಾರಿ ಸಲಹೆ. ಸೊಪ್ಪಿಗಿಂತ ಏರುಪೇರಿಗೆ ಹೆದರಬೇಕು. ತಿಂಗಳಿಡೀ ಸೊಪ್ಪು ಬಿಟ್ಟು, ಊರಿಗೆ ಹೋದಾಗ ಮೂರು ದಿನ ಬಸ್ಸಾರು ಬಾರಿಸಿದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ತೋರಿಸುವ ಐಎನ್‌ಆರ್ ಅಳತೆ ಕುಸಿದು ಕವಾಟದಲ್ಲಿ ಹೆಪ್ಪು ಕೂರಬಹುದು. ದಿನಾ ತಿನ್ನುವವರು ದಿಢೀರನೆ ಬಿಟ್ಟರೆ ಅದು ಏರಿ ವಸಡಿನಲ್ಲಿ ರಕ್ತ ಒಸರಬಹುದು. ದಿನಾ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ತಿಂದರೆ ವೈದ್ಯರು ಅದಕ್ಕೆ ತಕ್ಕಂತೆ ಮಾತ್ರೆ ಹೊಂದಿಸುತ್ತಾರೆ. ಹೊಸ ಬಗೆಯ ಕೆಲವು ಮಾತ್ರೆಗಳಿಗೆ ಈ ಕಾಟವಿಲ್ಲ, ಆದರೆ ಲೋಹದ ಕವಾಟದವರಿಗೆ ಅವನ್ನು ಕೊಡುವುದಿಲ್ಲ.

ವಾಟ್ಸ್ಆ್ಯಪ್ ವೈದ್ಯರದು ಇನ್ನೊಂದು ಅತಿ: ತುಳಸಿ ರಸ ಕುಡಿಯಿರಿ, ರಕ್ತ ತೆಳುವಾಗುತ್ತೆ, ಮಾತ್ರೆ ಬಿಸಾಕಿ! ಪ್ರಯೋಗಾಲಯದ ಗಾಜಿನ ನಳಿಗೆಯಲ್ಲಿ ಗಟ್ಟಿ ಸಾರ ಮಾಡಿದ ಕೆಲಸವನ್ನು ತುಳಸಿಯ ನಾಲ್ಕೆಲೆಯ ತಲೆಗೆ ಕಟ್ಟುವ ಧೈರ್ಯ ಅವರದು.

ಕಳೆದ ವರ್ಷ ದೊಡ್ಡಮ್ಮ ಕೊನೆಗೂ ವೈದ್ಯರನ್ನೇ ಕೇಳಿದರು. ಈಗ ದಿನಾ ಬೇಳೆಗೆ ಒಂದು ಹಿಡಿ ಸೊಪ್ಪು, ಅಳತೆಗೆ ಅದೇ ಹಳೇ ಸ್ಟೀಲ್ ಬಟ್ಟಲು. ಕರಿಬೇವು ಮಾತ್ರ ಇನ್ನೂ ತಟ್ಟೆಯಂಚಿನಲ್ಲೇ. ‘ಈಗ್ಯಾಕೆ ದೊಡ್ಡಮ್ಮ?’ ಅಂದರೆ, ‘ಗಂಟಲಿಗೆ ಅಂಟ್ಕೊಳ್ಳುತ್ತೆ ಕಣೋ’ ಅಂದರು.