ಪೀಪಾಯಿಯ ಮೇಲಿನ ಹೆಸರು

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ಪ್ರವಾಸಕಥನ ಬರೆಯುವವರ ಮೇಜಿನೆದುರು ದಪ್ಪ ಅಕ್ಷರದಲ್ಲಿ ಬರೆದು ತೂಗುಹಾಕಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಯಾವ ಪುಸ್ತಕ ತೆರೆದರೂ ಅದೇ ಮಾತು: ರಸ್ತೆ ಕನ್ನಡಿಯಂತೆ, ಜನ ದೇವರಂತೆ, ಹೊಲ ಚಿತ್ರ ಬರೆದಂತೆ. ಚಿತ್ರ ಬರೆದಂತೆ ಎನ್ನುವವರು ಆ ಚಿತ್ರ ಬರೆದ ಕೈ ಯಾರದು, ಸಂಜೆಗೆ ಆ ಕೈಗೆ ಎಷ್ಟು ಕೂಲಿ ಬಿತ್ತು ಎಂದು ಮಾತ್ರ ಕೇಳುವುದಿಲ್ಲ. ಅದರಲ್ಲೂ ದ್ರಾಕ್ಷಿ ಬೆಳೆಯುವ ಕಣಿವೆಯ ಸುದ್ದಿ ಬಂದರಂತೂ ನಮ್ಮವರ ಲೇಖನಿಗೆ ಅಮಲೇ ಏರಿಬಿಡುತ್ತದೆ. ಒಂದು ತೊಟ್ಟೂ ಕುಡಿಯದವರು ಕೂಡ ತೂರಾಡುತ್ತ ಬರೆಯುತ್ತಾರೆ.

ಪೋರ್ಚುಗಲ್ ದೇಶದ ದೋರು ನದಿಯ ಕಣಿವೆಯಲ್ಲಿ ಪಿನ್ಯಾಂವ್ ಎಂಬ ಪುಟ್ಟ ಊರಿದೆ. ಪೋರ್ಟ್ ವೈನಿನ ತವರು ಎಂದು ಹೆಸರಾದ ಸೀಮೆ ಅದು. ಕೊಯ್ಲಿನ ತಿಂಗಳಾದ ಸೆಪ್ಟೆಂಬರಿನಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ನೋಡಿ ಬಂದ ಮೇಲೆ ನನಗೆ ಹೇಳಲಿಕ್ಕಿರುವುದು ಒಂದೇ ಮಾತು. ಆ ಕಣಿವೆಯ ಚೆಲುವು ಪ್ರಕೃತಿ ಕೊಟ್ಟದ್ದಲ್ಲ, ಕೂಲಿಯವರು ಮಾಡಿದ್ದು. ಆ ದುಡಿಮೆಯಲ್ಲಿ ದೊಡ್ಡ ಪಾಲು ಹೆಂಗಸರದು. ಆದರೆ ಹೆಂಗಸು ಅಲ್ಲಿ ನಮಗೆ ಸಿಕ್ಕುವುದು ಚಿತ್ರದಲ್ಲಿ, ಹೆಸರಿನಲ್ಲಿ ಅಲ್ಲ.

ಪೋರ್ಟೊ ನಗರದಿಂದ ಪಿನ್ಯಾಂವ್‌ಗೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆಯ ದಾರಿ. ಮೊದಮೊದಲು ಸಾಧಾರಣ ಊರುಗಳು. ಆಮೇಲೆ ಹಳಿ ನದಿಯ ದಂಡೆಗೆ ಇಳಿಯುತ್ತದೆ, ಕಿಟಕಿಯ ಕೆಳಗೇ ನೀರು. ಎರಡೂ ಬದಿಗೆ ಗುಡ್ಡ. ಗುಡ್ಡದ ಬುಡದಿಂದ ನೆತ್ತಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ಬಳ್ಳಿ. ಪಿನ್ಯಾಂವ್ ಎಂದರೆ ಒಂದು ರೈಲು ನಿಲ್ದಾಣ, ಒಂದು ಸೇತುವೆ, ನದಿಗುಂಟ ಒಂದು ಬೀದಿ, ಅಷ್ಟೇ. ರೈಲು ಅಲ್ಲಿಗೆ ಬಂದದ್ದು 1880ರಲ್ಲಿ. ನಿಲ್ದಾಣದ ಗೋಡೆಗೆ 1937ರಲ್ಲಿ ಕೂರಿಸಿದ 24 ಟೈಲ್ಸ್ ಚಿತ್ರಗಳಿವೆ, ಎಲ್ಲ ನೀಲಿ ಬಿಳುಪು. ಪ್ರವಾಸಿಗರು ರೈಲಿಳಿದ ಕೂಡಲೇ ಕ್ಯಾಮರಾ ಹಿಡಿದು ಅವುಗಳ ಮುಂದೆ ಸಾಲುಗಟ್ಟುತ್ತಾರೆ. ತಲೆಗೆ ವಸ್ತ್ರ ಕಟ್ಟಿ ಬಗ್ಗಿ ಗೊಂಚಲು ಕೊಯ್ಯುವ ಹೆಂಗಸರು, ಬುಟ್ಟಿ ಹೊತ್ತ ಗಂಡಸರ ಸಾಲು, ಪೀಪಾಯಿ ತುಂಬಿಕೊಂಡ ದೋಣಿ.

ಪೀಪಾಯಿ ಎಂಬ ನಮ್ಮ ಮಾತು ಪೋರ್ಚುಗೀಸರ 'ಪೀಪಾ'ದಿಂದಲೇ ಬಂದದ್ದು. ಆ ಕಣಿವೆಯ ಲೆಕ್ಕದಲ್ಲಿ ಒಂದು ಪೀಪಾ ಎಂದರೆ 550 ಲೀಟರು. ಆ ಪೀಪಾಯಿಗಳ ಮೇಲೆ, ಮುಂದೆ ಬಾಟಲಿಗಳ ಮೇಲೆ, ಬಿದ್ದ ಹೆಸರುಗಳನ್ನು ನೋಡಿ: ಸ್ಯಾಂಡೆಮನ್, ಟೇಲರ್, ಗ್ರಹಾಂ, ಕಾಕ್‌ಬರ್ನ್. ಬಳ್ಳಿ ಪೋರ್ಚುಗಲ್ಲಿನದು, ಹೆಸರು ಬ್ರಿಟನ್ನಿನಿಂದ ಬಂದ ವ್ಯಾಪಾರಿಗಳದು. 1703ರ ಒಪ್ಪಂದದಂತೆ ಇಂಗ್ಲೆಂಡಿನಲ್ಲಿ ಪೋರ್ಚುಗೀಸ್ ವೈನಿಗೆ ಫ್ರೆಂಚ್ ವೈನಿಗಿಂತ ಮೂರನೆಯ ಒಂದು ಪಾಲು ಕಡಿಮೆ ಸುಂಕ. ವ್ಯಾಪಾರ ಬೆಳೆದದ್ದು ಹಾಗೆ. 1756ರಲ್ಲಿ ಪೊಂಬಾಲ್ ಎಂಬ ಮಂತ್ರಿ ಈ ಸೀಮೆಗೆ ಗಡಿ ಹಾಕಿಸಿದ. 300ಕ್ಕೂ ಹೆಚ್ಚು ಗ್ರಾನೈಟ್ ಕಲ್ಲು ನೆಡಿಸಿ, ಇದರೊಳಗೆ ಬೆಳೆದದ್ದು ಮಾತ್ರ ಒಳ್ಳೆಯ ಮಾಲು ಎಂದು ಗೊತ್ತುಮಾಡಿದ. 1926ರಿಂದ 1986ರವರೆಗೆ ಹೊರದೇಶಕ್ಕೆ ಹೋಗುವ ಪೋರ್ಟ್ ವೈನೆಲ್ಲ ನದಿಯ ಬಾಯಿಯಲ್ಲಿರುವ ಗಾಯಾ ಪಟ್ಟಣದ ಉಗ್ರಾಣಗಳ ಮೂಲಕವೇ ಹೋಗಬೇಕಿತ್ತು. ಬೆಳೆದವನು ಮೇಲೆ ಬೆಟ್ಟದಲ್ಲಿ, ಬೀಗದ ಕೈ ಕೆಳಗೆ ಪಟ್ಟಣದಲ್ಲಿ. ಇದು ನಮ್ಮ ಅಡಿಕೆಯವರಿಗೂ ಕಾಫಿಯವರಿಗೂ ಬಿಡಿಸಿ ಹೇಳಬೇಕಾದ ಕಥೆಯಲ್ಲ.

ಇನ್ನು ಆ ಮೆಟ್ಟಿಲುಗಳ ವಿಷಯ. ಅಲ್ಲಿನ ನೆಲ ಮಣ್ಣಲ್ಲ, ಪದರ ಪದರವಾದ ಕಲ್ಲು. ಒಂಬತ್ತು ತಿಂಗಳು ಚಳಿ, ಮೂರು ತಿಂಗಳು ನರಕ ಎಂದು ಅಲ್ಲಿಯವರೇ ಗಾದೆ ಕಟ್ಟಿದ್ದಾರೆ. ಆ ಕಲ್ಲನ್ನು ಹಾರೆಯಿಂದ ಮೀಟಿ, ಒಡೆದು, ಗಾರೆಯಿಲ್ಲದೆ ಒಂದರ ಮೇಲೊಂದು ಜೋಡಿಸಿ ಗೋಡೆ ಎಬ್ಬಿಸಿ, ಅದರ ಹಿಂದೆ ಪುಡಿಗಲ್ಲು ತುಂಬಿ ಬಳ್ಳಿ ನೆಟ್ಟಿದ್ದಾರೆ. 1860ರ ದಶಕದಲ್ಲಿ ಬೇರು ತಿನ್ನುವ ಫಿಲಾಕ್ಸೆರಾ ಎಂಬ ಹುಳ ಬಂದು ಬಳ್ಳಿಗಳನ್ನೆಲ್ಲ ಒಣಗಿಸಿತು. ಆಮೇಲೆ ಅಮೆರಿಕದ ಬೇರಿಗೆ ಕಸಿ ಕಟ್ಟಿ ಮತ್ತೆ ಮೊದಲಿನಿಂದ ತೋಟ ಮಾಡಿದರು. ಹಾಗೆ ಸತ್ತು ಮತ್ತೆ ನೆಡದೆ ಉಳಿದ ಮೆಟ್ಟಿಲುಗಳು ಇಂದಿಗೂ ಪೊದೆ ಬೆಳೆದುಕೊಂಡು ನಿಂತಿವೆ. 2001ರಲ್ಲಿ ಯುನೆಸ್ಕೊ ಈ ಕಣಿವೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಳ್ಳೆಯದೇ ಆಯಿತು. ಆದರೆ ಪರಂಪರೆ ಎಂದೊಡನೆ ಎಲ್ಲರಿಗೂ ಗೋಡೆ ಕಾಣುತ್ತದೆ, ಬೆನ್ನು ಕಾಣುವುದಿಲ್ಲ.

ಕೊಯ್ಲಿಗೆ ಜನ ಬರುತ್ತಿದ್ದುದು ಬೆಟ್ಟದಾಚೆಯ ಬಡ ಹಳ್ಳಿಗಳಿಂದ. ಒಬ್ಬ ಮೇಸ್ತ್ರಿಯ ಹಿಂದೆ ಗುಂಪು ಗುಂಪಾಗಿ, ಡೋಲು ಬಡಿದುಕೊಂಡು, ಹಾಡಿಕೊಂಡು ನಡೆದೇ ಬರುತ್ತಿದ್ದರು. ಆ ಗುಂಪಿಗೆ 'ರೋಗಾ' ಎಂದು ಹೆಸರು. ಮಲಗುವುದು ತೋಟದ ಕೊಟ್ಟಿಗೆಯಂಥ ಕೋಣೆಯಲ್ಲಿ, ಹುಲ್ಲಿನ ಮೇಲೆ. ಕೊಯ್ಯುವುದು ಹೆಂಗಸರ ಕೆಲಸ, ಹೊರುವುದು ಗಂಡಸರ ಕೆಲಸ. ಹೊರುವುದು ಕಷ್ಟ, ಆದ್ದರಿಂದ ಗಂಡಸಿಗೆ ಹೆಚ್ಚು ಕೂಲಿ ಎಂಬುದು ಅಲ್ಲಿಯ ನ್ಯಾಯ. ಬೆಳಗಿನಿಂದ ಸಂಜೆಯವರೆಗೆ ಇಳಿಜಾರಿನಲ್ಲಿ ಸೊಂಟ ಬಗ್ಗಿಸಿ ನಿಲ್ಲುವುದು ಸುಲಭ ಎಂದು ತೀರ್ಮಾನಿಸಿದವರು ಯಾರು? ಬಗ್ಗಿ ನಾಟಿ ಮಾಡದವರು, ಬಗ್ಗಿ ಕಳೆ ಕೀಳದವರು. ನಮ್ಮ ಗದ್ದೆಗಳಲ್ಲೂ ಇದೇ ನ್ಯಾಯ ನಡೆದುಕೊಂಡು ಬಂದಿದೆಯಲ್ಲ!

ಕೊಯ್ದ ಹಣ್ಣನ್ನು ಕಲ್ಲಿನ ದೊಡ್ಡ ತೊಟ್ಟಿಗೆ ಸುರಿದು ಕಾಲಿನಿಂದ ತುಳಿಯುತ್ತಾರೆ. ನಾನು ನೋಡಲು ಹೋದ ತೋಟದಲ್ಲಿ ವಿವರಿಸುತ್ತಿದ್ದ ಹುಡುಗ ನಗುನಗುತ್ತಲೇ ಹೇಳಿದ: "ಹಿಂದೆಲ್ಲ ಹೆಂಗಸರನ್ನು ತೊಟ್ಟಿಗೆ ಇಳಿಸುತ್ತಿರಲಿಲ್ಲ."

"ಯಾಕೆ?" ಎಂದೆ.

"ಸಂಪ್ರದಾಯ, ಮೇಡಂ."

ಸಂಪ್ರದಾಯ! ಈ ಮಾತಿಗೆ ಪಾಸ್‌ಪೋರ್ಟೇ ಬೇಡ ನೋಡಿ, ಎಲ್ಲ ದೇಶದಲ್ಲೂ ಓಡಾಡುತ್ತದೆ. ತುಳಿತದ ಮೊದಲ ಭಾಗದಲ್ಲಿ ಗಂಡಸರು ಹೆಗಲಿಗೆ ಹೆಗಲು ಸೇರಿಸಿ ಸಿಪಾಯಿಗಳ ಹಾಗೆ ಹೆಜ್ಜೆ ಹಾಕುತ್ತಾರೆ. ಎರಡನೆಯ ಭಾಗದಲ್ಲಿ ವಾದ್ಯ, ಕುಣಿತ. ಆ ಎರಡನೆಯದಕ್ಕೆ 'ಲಿಬರ್ದಾದ್' ಎನ್ನುತ್ತಾರೆ, ಅಂದರೆ ಸ್ವಾತಂತ್ರ್ಯ. ಹೆಂಗಸರ ಪಾಲಿಗೆ ಬರುತ್ತಿದ್ದುದು ಹೆಚ್ಚೆಂದರೆ ಈ ಕುಣಿತ. ಕೂಲಿ ಹೆಚ್ಚಿರುವ ಕೆಲಸಕ್ಕೆ ಬೇಡ, ಮನರಂಜನೆಗೆ ಬಾ. ಈಗಲೋ, ಕೊಯ್ಲಿನ ದಿನಗಳಲ್ಲಿ ದುಡ್ಡು ಕೊಟ್ಟರೆ ಪ್ರವಾಸಿ ಹೆಂಗಸರೂ ತೊಟ್ಟಿಗಿಳಿಯಬಹುದು. ಹಳ್ಳಿಯ ಹೆಂಗಸಿಗೆ ಕೂಲಿಗಾಗಿ ಕೊಡದಿದ್ದ ಕೆಲಸವನ್ನು ಪಟ್ಟಣದ ಹೆಂಗಸಿಗೆ ಟಿಕೇಟು ಹರಿದು ಮಾರುತ್ತಿದ್ದಾರೆ. ಇದನ್ನು ಪ್ರಗತಿ ಎನ್ನಲು ನನ್ನ ಬಾಯಿ ಬರುವುದಿಲ್ಲ.

ಇಷ್ಟು ಹೇಳಿದರೆ ಒಂದು ಉತ್ತರ ಸಿದ್ಧವಾಗಿರುತ್ತದೆ: "ದೋನಾ ಅಂತೋನಿಯಾ ಇರಲಿಲ್ಲವೇ?" ಇದ್ದಳು. ಅಂತೋನಿಯಾ ಅಡಿಲೇಡ್ ಫೆರೇರಾ, ಹುಟ್ಟಿದ್ದು 1811, ತೀರಿಕೊಂಡದ್ದು 1896. ಮೂವತ್ತಮೂರಕ್ಕೆ ಗಂಡ ಸತ್ತ. ಆಮೇಲೆ ಅವಳು ಕಣಿವೆಯ ಅತಿ ದೊಡ್ಡ ತೋಟಗಾರ್ತಿಯಾದಳು. ಹುಳ ಬಿದ್ದ ಕಾಲದಲ್ಲಿ ಎದೆಗುಂದದೆ ಬಳ್ಳಿ ನೆಡಿಸಿದಳು. ಅಧಿಕಾರದಲ್ಲಿದ್ದ ಸಾಲ್ದಾನ್ಯಾ ಡ್ಯೂಕ್ ತನ್ನ ಮಗನಿಗೆ ಇವಳ ಇನ್ನೂ ಎಳೆಯ ಮಗಳನ್ನು ತಂದುಕೊಳ್ಳಲು ಹಟ ಹಿಡಿದಾಗ ಮಗಳನ್ನು ಕರೆದುಕೊಂಡು ಲಂಡನ್ನಿಗೆ ಹೊರಟುಹೋದಳು. 1861ರಲ್ಲಿ ದೋಣಿ ಮುಳುಗಿ, ನದಿಯ ನಕ್ಷೆ ಬರೆದ ಫಾರೆಸ್ಟರ್ ಎಂಬ ಬ್ರಿಟಿಷ್ ವ್ಯಾಪಾರಿ ನೀರುಪಾಲಾದ. ಅಂತೋನಿಯಾ ಬದುಕಿದಳು. ಅವಳ ಅಗಲವಾದ ಲಂಗವೇ ಅವಳನ್ನು ತೇಲಿಸಿತು ಎಂದು ಜನ ಕಥೆ ಕಟ್ಟಿದರು. ಲಂಗದಿಂದ ಇಂಥ ಉಪಕಾರವಾದದ್ದು ಅದೊಂದೇ ಸಲ ಇರಬೇಕು!

ಅವಳ ಮುಂದೆ ನಾನು ಕೈಮುಗಿಯುತ್ತೇನೆ. ಆದರೆ ಅವಳನ್ನು ಮುಂದಿಟ್ಟುಕೊಂಡು ನಮ್ಮ ಬಾಯಿ ಮುಚ್ಚಿಸಲು ಬರುವವರಿಗೆ ಕೇಳುತ್ತೇನೆ: ಅವಳ ಕೈಗೆ ವ್ಯವಹಾರ ಬಂದದ್ದು ಯಾವಾಗ? ಗಂಡ ಸತ್ತ ಮೇಲೆ. ಫ್ರಾನ್ಸಿನ ಶಾಂಪೇನ್ ಸೀಮೆಯಲ್ಲಿ ಹೆಸರಾದ ಕ್ಲಿಕೊ ಎಂಬಾಕೆಯೂ 1805ರಲ್ಲಿ ಗಂಡನನ್ನು ಕಳೆದುಕೊಂಡವಳೇ. ಅವಳ ಬಾಟಲಿಯ ಮೇಲೆ 'ವಿಧವೆ' ಎಂಬ ಮಾತೇ ಹೆಸರಿನ ಮುಂದೆ ಅಚ್ಚಾಗಿ ಕೂತಿದೆ. ವೈನಿನ ಲೋಕಕ್ಕೆ ವಿಧವೆಯರ ಮೇಲೆ ಇಷ್ಟು ಪ್ರೀತಿ ಯಾಕೆ? ಮುತ್ತೈದೆಗೆ ರುಜು ಹಾಕುವ ಅಧಿಕಾರ ಇರಲಿಲ್ಲ, ಅದಕ್ಕೆ. ಪೋರ್ಚುಗಲ್ಲಿನ 1867ರ ಕಾನೂನು ದಂಪತಿಗಳ ಆಸ್ತಿಯ ಆಡಳಿತವನ್ನು ಗಂಡನ ಕೈಗೆ ಕೊಟ್ಟಿತ್ತು. 1969ರವರೆಗೆ ಮದುವೆಯಾದ ಹೆಂಗಸು ಹೊರದೇಶಕ್ಕೆ ಹೋಗಬೇಕಾದರೂ ಗಂಡನ ಒಪ್ಪಿಗೆ ಬೇಕಿತ್ತು. 1974ರ ಕ್ರಾಂತಿಯಾಗಿ, 1976ರಲ್ಲಿ ಹೊಸ ಸಂವಿಧಾನ ಬಂದು, 1978ರಲ್ಲಿ ಕುಟುಂಬದ ಕಾನೂನು ಬದಲಾದ ಮೇಲೆಯೇ ಗಂಡ ಮನೆಯ ಯಜಮಾನ ಎಂಬುದು ಕಾಗದದಿಂದ ಅಳಿಸಿಹೋಯಿತು. ಅಂದರೆ ಒಬ್ಬ ಅಂತೋನಿಯಾಳ ಹಿಂದೆ, ಗಂಡ ಬದುಕಿದ್ದ ಕಾರಣಕ್ಕೇ ಹೆಸರಿಲ್ಲದೆ ಹೋದ ಸಾವಿರ ಅಂತೋನಿಯಾಗಳಿದ್ದಾರೆ. ಒಬ್ಬಳ ಪ್ರತಿಮೆಯಿಂದ ಅಷ್ಟು ಜನರ ಲೆಕ್ಕ ತೀರುವುದಿಲ್ಲ.

"ಅದೆಲ್ಲ ಹಳೆಯ ಕಥೆ, ಈಗ ಎಲ್ಲ ಸರಿಯಾಗಿದೆ" ಎನ್ನುವವರೂ ಇದ್ದಾರೆ. ಕಾನೂನು ಸರಿಯಾಗಿದೆ, ನಿಜ. ಆದರೆ ಆ ಕಡಿದಾದ ಇಳಿಜಾರಿಗೆ ಯಂತ್ರ ಸುಲಭಕ್ಕೆ ಹತ್ತುವುದಿಲ್ಲ, ಇಂದಿಗೂ ಬಹುಪಾಲು ಕೈಯಿಂದಲೇ ಕೊಯ್ಯಬೇಕು. ಹಳ್ಳಿಯ ಮಕ್ಕಳು ಊರು ಬಿಟ್ಟು ಹೋಗಿದ್ದಾರೆ, ಉಳಿದವರು ಮುದುಕರು. ಕೊಯ್ಲಿಗೆ ಈಚಿನ ವರ್ಷಗಳಲ್ಲಿ ನಮ್ಮ ಕಡೆಯಿಂದ, ದಕ್ಷಿಣ ಏಷ್ಯಾದಿಂದ, ಹೋದವರೂ ಇದ್ದಾರೆ. ಪೋರ್ಟ್ ವೈನ್ ಮಾಡಲು ವರ್ಷಕ್ಕೆ ಇಷ್ಟೇ ಎಂದು ಅಪ್ಪಣೆ ಕೊಡುವ ಪದ್ಧತಿ ಅಲ್ಲಿದೆ. ಅದು 2023ರಲ್ಲಿ 1,04,000 ಪೀಪಾ ಇದ್ದದ್ದು 2025ರಲ್ಲಿ 75,000ಕ್ಕೆ ಇಳಿಯಿತು. ಕುಡಿಯುವವರು ಕಡಿಮೆಯಾಗಿದ್ದಾರೆ, ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಆದರೆ ಆ ಏಟು ಬೀಳುವುದು ಎರಡು ಮೂರು ಹೆಕ್ಟೇರಿನ ಸಣ್ಣ ಹಿಡುವಳಿಯವರಿಗೆ. ನದಿಯಲ್ಲಿ ಪ್ರವಾಸಿಗರ ಹಡಗುಗಳು ಮಾತ್ರ ಓಡಾಡುತ್ತಲೇ ಇವೆ. ನೋಡಲು ಬಂದವರಿಂದ ಲಾಭ, ಬೆಳೆದವರಿಗೆ ನಷ್ಟ ಎಂಬ ಹಾಗಾದರೆ ಅದನ್ನು ಸ್ವರ್ಗ ಎಂದು ಬರೆಯುವುದು ಹೇಗೆ?

ಇದನ್ನೆಲ್ಲ ನಮ್ಮ ಹೆಂಗಸರಿಗೆ ಯಾಕೆ ಹೇಳಬೇಕೆಂದರೆ, ಆ ಸ್ವರ್ಗವನ್ನು ಇಲ್ಲಿಗೂ ತರುವ ಉತ್ಸಾಹ ನಮ್ಮಲ್ಲಿ ಹುಟ್ಟಿ ಬಹಳ ಕಾಲವಾಯಿತು. 2007ರ ವರ್ಷವನ್ನು ನೆನಪಿಸಿಕೊಳ್ಳಿ. ಆ ಜುಲೈ ಒಂದರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅದೇ ವರ್ಷ ಸರಕಾರದ ವೈನ್ ನೀತಿಯೂ ಬಂತು. 1992ರಲ್ಲಿ ನೆಲ್ಲೂರು ಜಿಲ್ಲೆಯ ಹೆಂಗಸರು ಸಾರಾಯಿಯ ವಿರುದ್ಧ ಬೀದಿಗಿಳಿದದ್ದನ್ನು ನೋಡಿದ ತಲೆಮಾರು ನಮ್ಮದು. ಸಾರಾಯಿ ಹೋದದ್ದಕ್ಕೆ ನನಗೆ ಕಿಂಚಿತ್ತೂ ವ್ಯಥೆಯಿಲ್ಲ. ಆದರೆ ಬಡವ ಕುಡಿದರೆ ಅದು ಚಟ, ಉಳ್ಳವ ಕುಡಿದರೆ ಅದು ಸಂಸ್ಕೃತಿ ಎಂಬ ಎರಡು ತಕ್ಕಡಿಯನ್ನು ಒಂದೇ ವರ್ಷ ಒಂದೇ ಅಂಗಡಿಯಲ್ಲಿ ತೂಗಿದ್ದನ್ನು ಮರೆಯಲಾರೆ. ವೈನ್ ಎಂದರೆ ಹೆಂಗಸರು ಹುಬ್ಬು ಗಂಟಿಕ್ಕುತ್ತಾರೆಂದೋ ಏನೋ, ಅದಕ್ಕೆ ದ್ರಾಕ್ಷಾರಸ ಎಂದು ಹೆಸರಿಟ್ಟು ಉತ್ಸವಗಳನ್ನೂ ಮಾಡಿದರು. ರಸವಂತೆ!

ಆ ರಸಕ್ಕೆ ಹಣ್ಣು ಬರುವುದು ಎಲ್ಲಿಂದ? ನಂದಿಬೆಟ್ಟದ ತಪ್ಪಲಿನಿಂದ, ಚಿಕ್ಕಬಳ್ಳಾಪುರ ದೊಡ್ಡಬಳ್ಳಾಪುರಗಳ ಚಪ್ಪರಗಳಿಂದ, ವಿಜಯಪುರದ ಬಿಸಿಲಿನಿಂದ. ಅಲ್ಲಿ ಕತ್ತು ಮೇಲೆತ್ತಿ ಗೊಂಚಲಿನ ಹೆಚ್ಚಿನ ಕಾಯಿ ಬಿಡಿಸುವವರು, ಗೊಂಚಲುಗಳನ್ನು ಔಷಧಿಯ ನೀರಿನಲ್ಲಿ ಅದ್ದುವವರು, ಒಣದ್ರಾಕ್ಷಿಯ ಕಡ್ಡಿ ಆರಿಸುವವರು ಯಾರು? ದೋರು ಕಣಿವೆಯಲ್ಲಿ ಸೊಂಟ ಬಗ್ಗಿಸಿದವರ ಅಕ್ಕತಂಗಿಯರು. ಅಲ್ಲಿ ಸೊಂಟ, ಇಲ್ಲಿ ಕತ್ತು.

ಪ್ರವಾಸಕ್ಕೆ ಹೋಗಬೇಡಿ ಎನ್ನುವುದಿಲ್ಲ. ಖಂಡಿತ ಹೋಗಿ. ನಮ್ಮ ತಾಯಂದಿರಿಗೆ ತವರು ಮತ್ತು ತೀರ್ಥಯಾತ್ರೆ ಬಿಟ್ಟು ಬೇರೆ ಊರಿರಲಿಲ್ಲ; ನಾವಾದರೂ ನೋಡೋಣ. ಆದರೆ ಕ್ಯಾಮರಾ ಹೊರಗೆ ತೆಗೆಯುವ ಮೊದಲು ಮೂರು ಪ್ರಶ್ನೆ ಕೇಳಿ. ಇಲ್ಲಿ ಹೆಂಗಸಿನ ಕೂಲಿ ಎಷ್ಟು, ಗಂಡಸಿನದೆಷ್ಟು? ಈ ನೆಲ ಯಾರ ಹೆಸರಿನಲ್ಲಿದೆ? ಮಾಲಿನ ಬೆಲೆ ಕಟ್ಟುವವರು ಯಾರು? ಯಾತ್ರೆ ಯುರೋಪಿನದಾದರೂ ಸರಿ, ನಂದಿಬೆಟ್ಟದ್ದಾದರೂ ಸರಿ. ಉತ್ತರ ಕೊಡಲು ತಡವರಿಸಿದರೆ ಅಷ್ಟರಮಟ್ಟಿಗೆ ಆ ಬೆಟ್ಟ ನುಣ್ಣಗಿಲ್ಲ ಎಂದು ತಿಳಿಯಿರಿ.

ನಾಳೆ ನಮ್ಮಲ್ಲೂ ಯಾರಾದರೂ ನಿಲ್ದಾಣದ ಗೋಡೆಯ ಮೇಲೆ ದ್ರಾಕ್ಷಿ ಬಿಡಿಸುವ ಹೆಂಗಸಿನ ಚಿತ್ರ ಬರೆಸಲು ಹೊರಟಾರು. ಬರೆಸಲಿ. ಆದರೆ ಮೊದಲು ಅವಳ ಹೆಸರು ಕೂಲಿಯ ಪಟ್ಟಿಯಲ್ಲಿ ಗಂಡಸಿನ ಸಮಕ್ಕೆ ಬರಲಿ, ಪಹಣಿಯಲ್ಲಿ ಬರಲಿ. ಚಿತ್ರಕ್ಕೇನು ಅವಸರವಿಲ್ಲ.